ಬಿಟ್‌ಕಾಯಿನ್ ಕೀಯನ್ನು ಮೊಳೆಗೆ ನೇತುಹಾಕಿದ್ದೇಕೆ

ಹಠಕ್ಕೆ ಬಿದ್ದು ಹೀಗೆ ಮಾಡಿದಳು ಎಂದು ಆಫೀಸಿನಲ್ಲಿ ಆಡಿಕೊಂಡರು. ಹಠ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಬಾಸ್ ಬರೆದುಕೊಟ್ಟ ವರದಿಗೆ ನಾನು ಸಹಿ ಹಾಕದೇ ಹೋದದ್ದಕ್ಕೆ ಹಠಕ್ಕಿಂತ ದೊಡ್ಡ ಕಾರಣವಿತ್ತು. ಆ ವರದಿ ತಪ್ಪಾಗಿತ್ತು. ತಪ್ಪು ಅಂತ ಗೊತ್ತಿದ್ದೂ ಹೆಬ್ಬೆಟ್ಟು ಒತ್ತುವುದಕ್ಕೆ ನಾನು ರಾಮನಗರದಿಂದ ಇಷ್ಟು ದೂರ ಬರಬೇಕಾಗಿರಲಿಲ್ಲ.

ನಮ್ಮದು ಡಚ್ ನಾಡಿನ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಊರಿನ ಆಫೀಸ್ ಪಾರ್ಕಿನಲ್ಲಿರುವ ಸಣ್ಣ ಕಂಪನಿ. ಕಂಪ್ಯೂಟರ್ ಭದ್ರತೆಯ ಸಲಹೆ ಕೊಡುವುದು ಕೆಲಸ. ಬಾಸ್ ಬೆಂಗಳೂರಿನವರು, ಇಲ್ಲಿಗೆ ಬಂದು ನೆಲೆ ನಿಂತು ಬಹಳ ಕಾಲವಾಗಿದೆ. ಆಫೀಸಿನಲ್ಲಿ ಅವರ ಮಾತೆಲ್ಲ ಡಚ್ ಮತ್ತು ಇಂಗ್ಲಿಷ್. ನನ್ನನ್ನು ಬೈಯಬೇಕಾದಾಗ ಮಾತ್ರ ಕನ್ನಡ. ಪಕ್ಕದ ಮೇಜಿನವರಿಗೆ ಅರ್ಥವಾಗಬಾರದಲ್ಲ.

ಒಂದು ಸೋಮವಾರ ಅವರು ನನ್ನ ಮೇಜಿನ ಹತ್ತಿರ ಬಂದು ಕನ್ನಡದಲ್ಲೇ ಶುರು ಮಾಡಿದರು. ಬೈಗುಳವಲ್ಲ, ಒಂದು ಉಪಕಾರ ಕೇಳುವ ಧಾಟಿ.

"ಅರ್ಧ ದಿನದ ಕೆಲ್ಸ ಕಣಮ್ಮ. ಆ ಕಿಂಡರ್‌ಬೂರ್ಡರೈ ಇದ್ಯಲ್ಲ, ಮೇಕೆ ಎಲ್ಲ ಸಾಕಿರ್ತಾರಲ್ಲ, ಅವ್ರಿಗೆ ಯಾರೋ ಬಿಟ್‌ಕಾಯಿನ್ ಡೊನೇಟ್ ಮಾಡ್ತಿದಾರಂತೆ. ನಮ್ ಡಿವೈಸ್ ಒಂದು ಆಗ್ಲೇ ಕೊಟ್ಟಿದೀನಿ, ಫ್ರೀ. ನೀನ್ ಹೋಗಿ ನೋಡ್ಕೊಂಡ್ ಬಾ, ರಿಪೋರ್ಟ್ ರೆಡಿ ಇದೆ, ಸೈನ್ ಹಾಕ್ಬಿಡು. ಮುಗೀತು."

ಕಿಂಡರ್‌ಬೂರ್ಡರೈ ಅಂದರೆ ಬಡಾವಣೆಯ ಮಕ್ಕಳು ಬಂದು ಮೇಕೆ, ಮೊಲ, ಕತ್ತೆಗಳಿಗೆ ಮೇವು ತಿನ್ನಿಸಿ ಹೋಗುವ ಪುಟ್ಟ ಫಾರ್ಮು. ಈ ದೇಶದಲ್ಲಿ ಬಡಾವಣೆಗೊಂದು ಎನ್ನುವಷ್ಟು ಇವೆ. ನಡೆಸುವವರು ಹೆಚ್ಚಿನವರು ನಿವೃತ್ತರು, ಸಂಬಳವಿಲ್ಲದೆ ಬರುವವರು. ಈ ಫಾರ್ಮಿನ ಕೊಟ್ಟಿಗೆಯ ಮರ ಕೊಳೆತು ಹೋಗಿತ್ತು. ಗೆಮೇಂಟೆಯವರು, ಎಂದರೆ ನಗರಸಭೆಯವರು, ಹೊಸದಾಗಿ ಕಟ್ಟಿ, ಇಲ್ಲವಾದರೆ ಜಾಗ ಬಿಟ್ಟುಕೊಡಿ ಎಂದು ಹೇಳಿದ್ದರು. ಕಟ್ಟುವುದಕ್ಕೆ ಇವರ ಹತ್ತಿರ ಏನೂ ಇರಲಿಲ್ಲ. ಆಗ ಚಿಕ್ಕಂದಿನಲ್ಲಿ ಅಲ್ಲಿ ಮೇಕೆ ಮೇಯಿಸಿದ್ದ, ಈಗ ಬೇರೆ ದೇಶದಲ್ಲಿರುವ ಒಬ್ಬರು ಕೊಟ್ಟಿಗೆಗೆ ಬೇಕಾದಷ್ಟು ಬಿಟ್‌ಕಾಯಿನ್ ಕೊಡುತ್ತೇನೆಂದು ಮುಂದೆ ಬಂದರು. ಅವರ ಷರತ್ತು ಇಷ್ಟೇ: ಕಟ್ಟಡದ ಅನುಮತಿ ಸಿಗುವ ತನಕ ಮಾರಬಾರದು. ಅಲ್ಲಿಯವರೆಗೆ ಅದನ್ನು ಯಾರೂ ಕದಿಯದ ಹಾಗೆ, ಯಾರೂ ಕಳೆಯದ ಹಾಗೆ ಹೇಗೆ ಇಡುತ್ತೀರಿ ಎಂದು ಒಬ್ಬ ಭದ್ರತಾ ಸಲಹೆಗಾರರಿಂದ ಸಹಿ ಹಾಕಿಸಿ ಕಳಿಸಬೇಕು. ಸಹಿ ಇಲ್ಲದಿದ್ದರೆ ದಾನ ಇಲ್ಲ, ದಾನ ಇಲ್ಲದಿದ್ದರೆ ಕೊಟ್ಟಿಗೆ ಇಲ್ಲ. ಕೊಟ್ಟಿಗೆ ಇಲ್ಲದಿದ್ದರೆ ಫಾರ್ಮು ಮುಚ್ಚಿ, ಪ್ರಾಣಿಗಳನ್ನು ಅಲ್ಲೊಂದು ಇಲ್ಲೊಂದು ಹಂಚಬೇಕು.

ಬಾಸ್ ಅವರ ಉಪಕಾರದ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಹಾರ್ಡ್‌ವೇರ್ ವಾಲೆಟ್ ತಯಾರಿಸುವ ಒಂದು ಕಂಪನಿಯ ಜೊತೆ ನಮಗೆ ಆಗಷ್ಟೇ ಒಪ್ಪಂದವಾಗಿತ್ತು. ಅವರ ಸಾಧನವನ್ನು ನಾವು ಗಿರಾಕಿಗಳಿಗೆ ಮಾರಬೇಕು. "ಮೇಕೆಗಳನ್ನು ಉಳಿಸಿದ ವಾಲೆಟ್" ಎಂದು ವೆಬ್‌ಸೈಟಿನಲ್ಲಿ ಹಾಕಿಕೊಳ್ಳುವ ಆಸೆ ಬಾಸ್‌ಗೆ.

ಹಾರ್ಡ್‌ವೇರ್ ವಾಲೆಟ್ ನೋಡಲು ಪೆನ್‌ಡ್ರೈವ್ ಥರ ಇರುತ್ತದೆ. ಬಿಟ್‌ಕಾಯಿನ್ ಅದರೊಳಗೆ ಇರುವುದಿಲ್ಲ, ಬಿಟ್‌ಕಾಯಿನ್ ಕದಲಿಸುವ ಗುಟ್ಟಿನ ಕೀ ಇರುತ್ತದೆ. ಆ ಕೀ ಸಾಧನದಿಂದ ಹೊರಗೆ ಬರುವುದೇ ಇಲ್ಲ, ಸಹಿಯೆಲ್ಲ ಒಳಗೇ ಆಗುತ್ತದೆ. ಇಂಟರ್‌ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ತೆರೆಯಲು ಒಂದು ಪಿನ್ ಬೇಕು. ಸಾಧನ ಕಳೆದುಹೋದರೆ ಅಂತ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳ ಒಂದು ಸಾಲನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು. ಆ ಪದಗಳು ಯಾರ ಕೈಗೆ ಸಿಗುತ್ತವೋ ಬಿಟ್‌ಕಾಯಿನ್ ಅವರದು. ಪೊಲೀಸರೂ ಬ್ಯಾಂಕಿನವರೂ ಏನೂ ಮಾಡಲಾರರು.

ಮರುದಿನ ಸೈಕಲ್ ಹತ್ತಿ ಫಾರ್ಮಿಗೆ ಹೋದೆ. ಖಜಾಂಚಿ ಬಾಗಿಲಲ್ಲೇ ಕಾದಿದ್ದಳು. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತಳಾದ ಡಚ್ ಹೆಂಗಸು. ಗಟ್ಟಿ ದನಿ, ರಬ್ಬರ್ ಬೂಟು, ಕೋಟಿನ ಮೇಲೆಲ್ಲ ಹುಲ್ಲು. ಕ್ಯಾಂಟೀನಿನೊಳಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿದ್ದ ಒಂದು ಹಲಗೆ ತೋರಿಸಿದಳು. ಹಲಗೆಯ ತುಂಬ ಮೊಳೆಗಳು, ಮೊಳೆಗೊಂದು ಬೀಗದ ಕೈ, ಪ್ರತಿಯೊಂದರ ಕೆಳಗೆ ಚೀಟಿ. ಮೇವಿನ ಕೋಣೆ, ಮೊಲದ ಗೂಡು, ಟ್ರ್ಯಾಕ್ಟರ್, ಹಂದಿಮನೆ. ಹಂದಿಮನೆಯ ಪಕ್ಕದ ಮೊಳೆಯಲ್ಲಿ ನಮ್ಮ ಕಂಪನಿಯ ವಾಲೆಟ್ ಜೋತಾಡುತ್ತಿತ್ತು. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ "ಬಿಟ್‌ಕಾಯಿನ್". ತಿರುಗಿಸಿ ನೋಡಿದರೆ ಹಿಂದೆ ಪಿನ್.

"ಯಾ ಅಲ್ಲಾಹ್" ಎಂದು ಬಾಯಿಂದ ತಾನಾಗಿ ಹೊರಟಿತು.

"ಇರು, ಇನ್ನೂ ಇದೆ" ಎಂದು ಆಕೆ ಹೆಮ್ಮೆಯಿಂದ ಬೀರು ತೆರೆದಳು. ಬೀರುವಿನ ಬಾಗಿಲ ಒಳಗಡೆ, ಮೇಕೆಗಳಿಗೆ ಲಸಿಕೆ ಹಾಕಿಸುವ ಪಟ್ಟಿಯ ಪಕ್ಕದಲ್ಲಿ, ಇಪ್ಪತ್ತನಾಲ್ಕು ಪದಗಳನ್ನು ಲ್ಯಾಮಿನೇಟ್ ಮಾಡಿಸಿ ಅಂಟಿಸಿದ್ದಳು. "ಕಾಣೋ ಜಾಗದಲ್ಲಿ ಇಟ್ರೆ ಕಳೆಯೋದಿಲ್ಲ ನೋಡು."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಪುಣ್ಯಕ್ಕೆ ಇನ್ನೂ ಏನೂ ಬಂದು ಸೇರಿರಲಿಲ್ಲ. ಚೀಟಿ ಹರಿದೆ, ಲ್ಯಾಮಿನೇಟ್ ಕಿತ್ತು ಕತ್ತರಿಸಿ ಹಾಕಿದೆ, ಸಾಧನವನ್ನು ಅಳಿಸಿ ಹೊಸ ಪದಗಳನ್ನು ಹುಟ್ಟಿಸಿದೆ. ಆಮೇಲೆ ಎಲ್ಲ ಪುಸ್ತಕದಲ್ಲೂ ಬರೆದಿರುವ ಉಪದೇಶವನ್ನು ಗಿಣಿಗೆ ಹೇಳಿದ ಹಾಗೆ ಹೇಳಿದೆ. ಪಿನ್ ಮನಸ್ಸಿನಲ್ಲಿರಲಿ. ಪದಗಳು ಕಾಗದದಲ್ಲಿರಲಿ. ಕಾಗದ ಎಲ್ಲಿದೆ ಎನ್ನುವುದು ನಿನಗೊಬ್ಬಳಿಗೆ ಗೊತ್ತಿರಲಿ. ಆಕೆ ಮುಖ ಸಣ್ಣಗೆ ಮಾಡಿಕೊಂಡು ತಲೆ ಆಡಿಸಿದಳು.

ಅಲ್ಲಿಗೇ ಸಹಿ ಹಾಕಬಹುದಿತ್ತು. ಬಾಸ್ ಫೋನ್ ಮಾಡಿ ಕೇಳಿದರು ಕೂಡ. ಆದರೆ ಹಾಕುವ ಮುಂಚೆ ಒಂದು ತಾಲೀಮು ಆಗಲಿ ಎಂದೆ. ವಾಲೆಟ್ ಕೆಟ್ಟಿತು ಎಂದುಕೊಳ್ಳೋಣ, ಕಾಗದದ ಪದಗಳಿಂದ ಮತ್ತೆ ಜೀವ ಬರಿಸಿ ತೋರಿಸಲಿ. ತೋರಿಸಿದರೆ ಸಹಿ.

ಸ್ವಲ್ಪ ದಿನ ಬಿಟ್ಟು ಹೋದೆ. ಖಜಾಂಚಿ ಪಿನ್ ಒತ್ತಿದಳು, ತಪ್ಪು. ಮತ್ತೊಂದು ಒತ್ತಿದಳು, ಅದೂ ತಪ್ಪು. ಗಾಬರಿಯಲ್ಲಿ ಮೂರನೆಯದನ್ನೂ ಒತ್ತಿಬಿಟ್ಟಳು. ಮೂರು ಸಲ ತಪ್ಪಿದರೆ ತನ್ನನ್ನು ತಾನೇ ಅಳಿಸಿಕೊಳ್ಳುವುದು ಆ ಸಾಧನದ ಗುಣ. ಅಳಿಸಿಕೊಂಡಿತು. ಹೋಗಲಿ, ಕಾಗದ ತಾ ಎಂದೆ. ಇಬ್ಬರೂ ಆಕೆಯ ಮನೆಗೆ ಹೋದೆವು. ಅಡುಗೆಮನೆಯ ಡ್ರಾಯರು, ಹೊಲಿಗೆ ಡಬ್ಬಿ, ಎಲ್ಲ ತಡಕಿದೆವು. ಕೊನೆಗೆ ಆಕೆ ಕುರ್ಚಿಯಲ್ಲಿ ಕುಸಿದಳು. ಯಾರಿಗೂ ಅನುಮಾನ ಬಾರದಿರಲಿ ಎಂದು ಹಳೆಯ ಪತ್ರಿಕೆಗಳ ನಡುವೆ ಬಚ್ಚಿಟ್ಟಿದ್ದಳಂತೆ. ಇಲ್ಲಿ ರದ್ದಿ ಕಾಗದ ಒಯ್ಯಲು ಗಾಡಿ ಬರುತ್ತದೆ. ಗಂಡ ಆ ಕಟ್ಟನ್ನು ನೀಟಾಗಿ ಕಟ್ಟಿ ಗಾಡಿಗೆ ಹಾಕಿದ್ದ.

"ನಿಜವಾದ ಬಿಟ್‌ಕಾಯಿನ್ ಇದ್ದಿದ್ರೆ ನಾನು ಏನ್ ಮಾಡ್ತಿದ್ದೆ?" ಎಂದಳು. ಕಣ್ಣಲ್ಲಿ ನೀರು. "ಬಚ್ಚಿಡೋದು ನನಗೆ ಬರೋದಿಲ್ಲ. ಬೇರೆ ಯಾರನ್ನಾದ್ರೂ ಖಜಾಂಚಿ ಮಾಡ್ಲಿ."

ನನಗೆ ಬೇಸರವಾಯಿತು. ಆಕೆಯ ಮೇಲಲ್ಲ, ನನ್ನ ಉಪದೇಶದ ಮೇಲೆ ಸಿಟ್ಟು ಬಂತು. ಆಕೆ ಬದಲಾದರೆ ಬರುವವರೂ ಇಂಥವರೇ. ಇವರ ಆಡಳಿತ ಮಂಡಳಿ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಪ್ರತಿಯೊಬ್ಬರೂ ಹೊಸಬರಿಗೆ ಗುಟ್ಟು ಹೇಳಿಕೊಟ್ಟು ಹೋಗಬೇಕು. ಒಬ್ಬ ಮನುಷ್ಯನ ಅಳತೆಗೆ ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸುವ ಕೆಲಸ ಇದು.

ಮತ್ತೆ ಕೂತು ಉಳಿದ ದಾರಿಗಳನ್ನು ಒಂದೊಂದಾಗಿ ನೋಡಿದೆ. ಕಾಗದ ಒಂದನ್ನೇ ನಂಬುವ ಮಾತಿಲ್ಲ. ಹುಲ್ಲು ತುಂಬಿದ ಜಾಗ, ಬೆಂಕಿಯ ಭಯ, ಇಲಿಗಳ ಕಾಟ. ಹಳೆಯ ಲ್ಯಾಪ್‌ಟಾಪ್ ಒಂದನ್ನು ಇಂಟರ್‌ನೆಟ್ಟಿಗೇ ಹಚ್ಚದೆ ಕೀಗೆ ಮೀಸಲಿಡುವ ಪದ್ಧತಿಯೂ ಉಂಟು. ಪ್ರಯೋಗಕ್ಕೆಂದು ಒಂದನ್ನು ಕ್ಯಾಂಟೀನಿನಲ್ಲಿ ಇಟ್ಟುಬಂದೆ. ಮುಂದಿನ ಸಲ ಹೋದಾಗ ಯಾರೋ ಪುಣ್ಯಾತ್ಮರು ಅದನ್ನು ವೈಫೈಗೆ ಸೇರಿಸಿ ಹವಾಮಾನ ನೋಡುತ್ತಿದ್ದರು. ಉಕ್ಕಿನ ತಗಡಿನ ಮೇಲೆ ಪದಗಳನ್ನು ಅಚ್ಚೊತ್ತಿ ಇಡಬಹುದು. ಬೆಂಕಿಗೂ ನೀರಿಗೂ ಜಗ್ಗುವುದಿಲ್ಲ, ಆದರೆ ಓದಬಲ್ಲ ಕಳ್ಳನಿಗೆ ಅಷ್ಟೇ ಸಾಕು.

ಇದೆಲ್ಲ ಯೋಚಿಸುತ್ತ ಆ ಹಲಗೆಯ ಮುಂದೆ ಕಾಫಿ ಹಿಡಿದು ನಿಂತಿದ್ದೆ. ಒಂದು ಪ್ರಶ್ನೆ ಹುಟ್ಟಿತು. ಇಷ್ಟು ಜನ ಬಂದು ಹೋಗುವ ಜಾಗದಲ್ಲಿ ಈ ಬೀಗದ ಕೈಗಳು ಕಳೆದಿಲ್ಲ ಹೇಗೆ? ಖಜಾಂಚಿಯನ್ನು ಕೇಳಿದರೆ "ಯಾಕೆ ಕಳೀಬೇಕು?" ಎಂದಳು. ಆಕೆ ಅತ್ತ ಹೋದ ಮೇಲೆ ಮೊಲದ ಗೂಡಿನ ಬೀಗದ ಕೈಯನ್ನು ಮೊಳೆಯಿಂದ ತೆಗೆದು ನನ್ನ ಜೇಬಿಗೆ ಇಳಿಸಿ, ಏನೂ ಗೊತ್ತಿಲ್ಲದವಳ ಹಾಗೆ ಕೂತೆ. ಕಾಫಿ ಇನ್ನೂ ಮುಗಿದಿರಲಿಲ್ಲ. ಒಬ್ಬ ಅಜ್ಜಿ ಒಳಗೆ ಬಂದು ಹಲಗೆ ನೋಡಿದವಳೇ ಜೋರಾಗಿ "ಮೊಲದ ಕೈ ಯಾರ ಹತ್ರ ಇದೆ?" ಎಂದಳು. ಹಿಂದೆಯೇ ಮತ್ತೊಬ್ಬಾಕೆ. ನೋಡ ನೋಡುತ್ತ ಅಂಗಳದ ತುಂಬ ಮೊಲದ ಕೈಯ ವಿಚಾರಣೆ. ನಾನು ನಾಚಿಕೊಂಡು ಜೇಬಿನಿಂದ ತೆಗೆದುಕೊಟ್ಟೆ.

ಈ ಜನಕ್ಕೆ ಬಚ್ಚಿಡುವುದು ಬರುವುದಿಲ್ಲ, ನಿಜ. ಆದರೆ ಕಾಣೆಯಾದದ್ದನ್ನು ಪತ್ತೆ ಹಚ್ಚುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಹಾಗಾದರೆ ಬಚ್ಚಿಡುವ ಪಾಠವನ್ನು ಇವರ ತಲೆಗೆ ತುರುಕುವುದೇಕೆ? ಅಂದೇ ನಿರ್ಧಾರ ಮಾಡಿದೆ. ಕೀ ಮೊಳೆಯ ಮೇಲೇ ಇರಬೇಕು, ಎಲ್ಲರ ಕಣ್ಣೆದುರು. ಆದರೆ ಆ ಒಂದು ಕೀಯಿಂದ ಒಂದು ಪೈಸೆಯೂ ಅಲ್ಲಾಡಬಾರದು.

ಇದಕ್ಕೆ ದಾರಿ ಇದೆ. ಮೂರು ಕೀ ಮಾಡಿ, ಯಾವುದಾದರೂ ಎರಡು ಸೇರಿ ಸಹಿ ಹಾಕಿದರೆ ಮಾತ್ರ ಬಿಟ್‌ಕಾಯಿನ್ ಕದಲುವ ಹಾಗೆ ಕಟ್ಟುವುದು. ಒಂದು ಕಳುವಾದರೂ ಕಳ್ಳನಿಗೆ ಪ್ರಯೋಜನವಿಲ್ಲ, ಉಳಿದ ಎರಡರಿಂದ ನಾವು ಎಲ್ಲವನ್ನೂ ಹೊಸ ಜಾಗಕ್ಕೆ ಸಾಗಿಸಬಹುದು. ಒಂದು ಕ್ಯಾಂಟೀನಿನ ಮೊಳೆಗೆ, ಒಂದು ಖಜಾಂಚಿಯ ಮನೆಗೆ, ಮೂರನೆಯದು ಪ್ರಾಣಿಗಳನ್ನು ನೋಡಲು ಬರುವ ಪಶುವೈದ್ಯೆಗೆ. ಪ್ರತಿ ಕೀಯ ಪದಗಳಿಗೂ ಒಂದೊಂದು ಉಕ್ಕಿನ ತಗಡು. ನಕ್ಷೆ ಬರೆದು ಎನ್ಸ್‌ಕೆಡೆಯ ನನ್ನ ಗೆಳತಿಗೆ ಕಳಿಸಿದೆ. ಗದಗಿನ ಕಡೆಯವಳು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಚಿಪ್‌ಗಳ ಭದ್ರತೆಯ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಓದಿದವಳೇ ಫೋನ್ ಮಾಡಿದಳು.

"ಅಕ್ಕಾ, ಎಲ್ಲಾ ಚಲೋ ಐತಿ. ಆದ್ರ ಒಂದು ದೊಡ್ಡ ತಪ್ಪು ಮಾಡಿ ನೋಡು."

"ಏನೇ ಅದು?"

"ಖಜಾಂಚಿ ಕೀಲಿದು ಉಕ್ಕಿನ ತಗಡು ಡಾಕ್ಟರ್ ಮನ್ಯಾಗ ಇಡೂಣು ಅಂತ ಬರದೀಯಲ್ಲ. ಡಾಕ್ಟರ್ ಹತ್ರ ಆಕಿದೊಂದು ಕೀಲಿ ಮೊದ್ಲ ಐತಿ. ತಗಡೂ ಸೇರಿದ್ರ ಒಂದ ಮನ್ಯಾಗ ಎರಡು ಕೀಲಿ ಆಗ್ತಾವಲ್ಲ! ಆಕಿ ಒಬ್ಬಾಕಿನ ಎಲ್ಲಾ ಎತ್ಕೊಂಡ್ ಹೋಗಬಹುದು."

ನನ್ನ ಹಣೆಗೆ ನಾನೇ ಹೊಡೆದುಕೊಂಡೆ. ಬೆಂಕಿ ಬಿದ್ದರೆ ಸಾಧನ, ತಗಡು ಎರಡೂ ಒಟ್ಟಿಗೆ ಹೋಗಬಾರದು ಎನ್ನುವ ಜಾಣತನದಲ್ಲಿ ಅದಲು ಬದಲು ಮಾಡಿದ್ದೆ. ಉಕ್ಕು ಸುಡುವುದಿಲ್ಲ, ಹಾಗಿರುವಾಗ ಆ ಜಾಣತನವೇ ಬೇಕಿರಲಿಲ್ಲ. ಯಾರ ಕೀಯ ತಗಡು ಅವರ ಆವರಣದಲ್ಲೇ ಇರಲಿ ಎಂದು ತಿದ್ದಿದೆ.

"ಇನ್ನೊಂದು ಮಾತು" ಎಂದಳು ಗೆಳತಿ. "ನಿಮ್ಮ ಬಾಸ್ ಮಾರ್ತಾರಲ್ಲ, ಆ ಡಿವೈಸಿನ ಚಿಪ್ ಹಳೇದೈತಿ. ಕೈಗೆ ಸಿಕ್ರ, ಕರೆಂಟ್ ಹೆಚ್ಚು ಕಡಿಮಿ ಮಾಡಿ ಒಳಗಿನ ಪದಾ ತಗೀಬಹುದು. ಲ್ಯಾಬ್ ಬೇಕು, ಅಷ್ಟ. ಮೂರೂ ಒಂದ ಕಂಪನಿದು ತಗೋಬ್ಯಾಡ. ಮೂರು ಬ್ಯಾರೆ ಬ್ಯಾರೆ ತಗೋ."

ಇದನ್ನೆಲ್ಲ ಬರೆದು ಬಾಸ್ ಮುಂದೆ ಇಟ್ಟೆ. ಅವರು ಓದುತ್ತ ಓದುತ್ತ ಕೆಂಪಾದರು. ಬಾಗಿಲು ಹಾಕಿದರು. ಕನ್ನಡ ಶುರುವಾಯಿತು.

"ಏನಮ್ಮ ಇದು, ತಮಾಷೆನಾ? ಸೆಕ್ಯುರಿಟಿ ಕಂಪ್ನಿಯಿಂದ ಹೋಗೋ ರಿಪೋರ್ಟಲ್ಲಿ ಕೀನ ಮೊಳೆಗೆ ನೇತ್ಹಾಕಿ ಅಂತ ಬರಿಯೋದಾ? ಹಂದಿಮನೆ ಪಕ್ಕ?"

"ಹಂದಿಮನೆ ಪಕ್ಕ ಬೇಡ ಅಂದ್ರೆ ಟ್ರ್ಯಾಕ್ಟರ್ ಪಕ್ಕ ಹಾಕಣ ಸರ್."

"ಜೋಕ್ ಬೇಡ. ಒಂದ್ ಡಿವೈಸ್, ಒಂದ್ ಪಿನ್, ಪೇಪರ್‌ನ ಸೇಫಲ್ಲಿಡಿ. ಪ್ರಪಂಚವೆಲ್ಲ ಹೀಗೇ ಮಾಡೋದು. ಅದ್ರಲ್ಲೂ ಬೇರೆ ಎರಡು ಕಂಪ್ನಿ ಹೆಸರು ಬರ್ದಿದೀಯ. ನಾವ್ ಮಾರೋದೇನು, ನೀನ್ ಹೇಳೋದೇನು?"

"ಪ್ರಪಂಚ ಏನ್ ಮಾಡುತ್ತೋ ನಂಗೊತ್ತಿಲ್ಲ. ಈ ಹೆಂಗಸಿನ ಪೇಪರ್ ರದ್ದಿಗೆ ಹೋಯ್ತು, ಜೊತೆಗೆ ನಿಂತು ಹುಡುಕಿದವಳು ನಾನೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸರ್?"

"ನಾನ್ ಬರ್ದಿದ್ದಕ್ಕೆ ಸೈನ್ ಹಾಕ್ತೀಯೋ ಇಲ್ವೋ?"

"ಇಲ್ಲ."

"ನಿನ್ ಕಾಂಟ್ರ್ಯಾಕ್ಟ್ ರಿನ್ಯೂವಲ್ಲು ಹತ್ರ ಬಂತು, ನೆನಪಿರ್ಲಿ."

ಅದು ಮಾತಿನ ಬೆದರಿಕೆ ಮಾತ್ರವಾಗಿರಲಿಲ್ಲ. ನಾನು ಈ ದೇಶದಲ್ಲಿ ಇರುವ ಅನುಮತಿ ಈ ಕೆಲಸಕ್ಕೆ ಗಂಟು ಬಿದ್ದಿತ್ತು. ಕೆಲಸ ಹೋದರೆ ಸ್ವಲ್ಪ ಸಮಯದೊಳಗೆ ಇನ್ನೊಂದು ಹುಡುಕಬೇಕು, ಸಿಗದಿದ್ದರೆ ಪೆಟ್ಟಿಗೆ ಕಟ್ಟಬೇಕು. ಹೆದರಿಕೆ ಆಗಲಿಲ್ಲ ಎಂದರೆ ನಂಬಬೇಡಿ.

ಆದರೆ ನಮ್ಮ ಮನೆಯಲ್ಲಿ ಅಮಾನತ್, ಎಂದರೆ ನಂಬಿ ಕೊಟ್ಟದ್ದನ್ನು ಕಾಪಾಡಿ ಹಿಂದಿರುಗಿಸುವ ಒಂದು ಪದ್ಧತಿ ಇತ್ತು. ಹಜ್‌ಗೆ ಹೋಗುವ ನೆರೆಯವರು ಒಡವೆಗಳನ್ನು ಅಮ್ಮಿಯ ಹತ್ತಿರ ನಂಬಿ ಇಟ್ಟು ಹೋಗುತ್ತಿದ್ದರು. ಅಮ್ಮಿ ಒಬ್ಬಳೇ ಇದ್ದಾಗ ಎಂದೂ ತೆಗೆದುಕೊಂಡವಳಲ್ಲ. ಬೀದಿಯ ಇಬ್ಬರನ್ನು ಕರೆದು, ಅವರ ಎದುರಿಗೆ ಗಂಟು ಕಟ್ಟಿಸಿ, ಅವರ ಎದುರಿಗೇ ಬಿಚ್ಚುತ್ತಿದ್ದಳು. ನನ್ನನ್ನು ನಂಬಲ್ಲ ಅಂತಲ್ಲ, ನನ್ನೊಬ್ಬಳ ಮೇಲೆ ಭಾರ ಬೀಳಬಾರದು ಅಂತ, ಎನ್ನುತ್ತಿದ್ದಳು. ಆ ಬಸ್ಸಿನ ಹೆಂಗಸಿನ ಕುತ್ತಿಗೆಗೆ ಎಲ್ಲ ಭಾರವನ್ನೂ ಕಟ್ಟಿ, ಕೆಳಗೆ ನನ್ನ ಹೆಸರು ಬರೆಯಲು ನನಗೆ ಮನಸ್ಸು ಬರಲಿಲ್ಲ. ಬಾಸ್‌ಗೆ ತಿಳಿಸಿಯೇ, ಕಂಪನಿಯ ಲೆಟರ್‌ಹೆಡ್ ಇಲ್ಲದೆ, ನನ್ನ ಹೆಸರಿನಲ್ಲಿ ನನ್ನ ವರದಿಯನ್ನು ಮಂಡಳಿಗೆ ಕಳಿಸಿದೆ. ಅವರು ದಾನಿಗೆ ಕಳಿಸಿದರು. ದಾನಿ ಕೆಲವು ಪ್ರಶ್ನೆ ಕೇಳಿ, ಒಪ್ಪಿಕೊಂಡರು.

"ಆಮೇಲೆ ಅಳ್ತಾ ನನ್ ಹತ್ರ ಬರ್ಬೇಡ" ಎಂದರು ಬಾಸ್.

ಕೀ ಹುಟ್ಟಿಸುವ ದಿನ ಶನಿವಾರ. ಮೂರು ಬೇರೆ ಬೇರೆ ತಯಾರಕರ ಸಾಧನಗಳನ್ನು ತರಿಸಿದ್ದೆ. ಮೊಳೆಗೆ ಮಾತ್ರ ನಮ್ಮ ಕಂಪನಿ ಮಾರುವ ಸಾಧನವನ್ನೇ ಇಟ್ಟೆ, ಎಲ್ಲಕ್ಕಿಂತ ದುರ್ಬಲವಾದದ್ದು ಎಲ್ಲರ ಕಣ್ಣಿನ ಕಾವಲಿನಲ್ಲಿರಲಿ ಎಂದು. ಫೋನ್‌ಗಳನ್ನೆಲ್ಲ ಪಕ್ಕದ ಕೋಣೆಗೆ ಕಳಿಸಿದೆ. ಖಜಾಂಚಿ, ಪಶುವೈದ್ಯೆ, ಮೊಳೆಯ ಕೀಯ ಪರವಾಗಿ ಮಂಡಳಿಯ ಇನ್ನೊಬ್ಬರು, ಒಬ್ಬೊಬ್ಬರಾಗಿ ಒಳಗೆ ಹೋಗಿ ತಮ್ಮ ತಮ್ಮ ಪದಗಳನ್ನು ಉಕ್ಕಿನ ತಗಡಿನ ಮೇಲೆ ಅಕ್ಷರ ಅಕ್ಷರವಾಗಿ ಸುತ್ತಿಗೆಯಿಂದ ಹೊಡೆದು ಅಚ್ಚೊತ್ತಿದರು. ಆ ಸದ್ದಿಗೆ ಕತ್ತೆ ಅರಚಿದ್ದೇ ಅರಚಿದ್ದು. ಮೂರೂ ಕೀಗಳು ಸೇರಿ ಒಂದು ವಾಲೆಟ್ ಆಗಿದೆ ಎಂದು ಹೇಳುವ ವಿವರವನ್ನು ಮುದ್ರಿಸಿ ಮೂವರಿಗೂ ಒಂದೊಂದು ಪ್ರತಿ ಕೊಟ್ಟೆ. ಅದಿಲ್ಲದಿದ್ದರೆ ಕೀಗಳಿದ್ದೂ ವಾಲೆಟ್ ಕಟ್ಟುವುದು ಕಷ್ಟ. ಆಮೇಲೆ ಪ್ರತಿಯೊಂದು ಸಾಧನವನ್ನೂ ಬೇಕೆಂದೇ ಅಳಿಸಿಹಾಕಿ, ತಗಡು ನೋಡಿ ಮತ್ತೆ ಜೀವ ಬರಿಸಿದೆವು. ಖಜಾಂಚಿ ತನ್ನ ಸರದಿ ಬಂದಾಗ ಪ್ರತಿ ಪದವನ್ನೂ ಎರಡೆರಡು ಸಲ ನೋಡಿ ಒತ್ತಿದಳು. ಪರದೆಯ ಮೇಲೆ ಮೊದಲಿದ್ದ ವಿಳಾಸವೇ ಮೂಡಿದಾಗ ಆಕೆ ನನ್ನನ್ನು ಬಾಚಿ ತಬ್ಬಿಕೊಂಡಳು. ದಾನಿ ಮೊದಲು ಚೂರೇ ಚೂರು ಕಳಿಸಿದರು, ನಾವು ಎರಡು ಕೀಯಿಂದ ಅದನ್ನು ವಾಪಸ್ ಕಳಿಸಿ ತೋರಿಸಿದೆವು. ಆಮೇಲೆ ಉಳಿದದ್ದೆಲ್ಲ ಬಂತು.

ಕೆಲವು ವಾರಗಳು ತಣ್ಣಗಿದ್ದವು. ಒಂದು ಗುರುವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಟು ಹೆಲ್ಮೆಟ್ ಕಟ್ಟುತ್ತಿದ್ದಾಗ ಫೋನ್ ಬಂತು. ಖಜಾಂಚಿ. ಮೊದಲಿನ ಗಟ್ಟಿ ದನಿ ಇರಲಿಲ್ಲ.

"ಮೊಳೆ ಖಾಲಿ ಇದೆ. ನಿನ್ನೆ ಸಂಜೆ ಬಾಗಿಲು ಹಾಕುವಾಗ ಬೇರೆಯವರಿದ್ರು, ಅವರು ನೋಡ್ಲಿಲ್ವಂತೆ. ಈಗ ಮೇವಿನ ಕೋಣೆ ಕೈ ತೊಗೊಳ್ಳೋಕೆ ಬಂದವರು ಕೂಗಿದ್ರು. ಎಲ್ಲರನ್ನೂ ಕೇಳಿದೀವಿ. ಯಾರ ಹತ್ರಾನೂ ಇಲ್ಲ."

ಒಂದು ಕೀಯಿಂದ ಏನೂ ಆಗದು ಎಂದು ಬರೆದವಳು ನಾನೇ. ಬರೆಯುವುದು ಬೇರೆ, ನಿಜವಾಗಿ ಯಾವನೋ ಒಬ್ಬನ ಕೈಯಲ್ಲಿ ಅದು ಇದೆ ಎಂದು ಗೊತ್ತಾಗುವುದು ಬೇರೆ. ಅವನ ಕಣ್ಣು ಎರಡನೆಯ ಕೀಯ ಮೇಲೂ ಇದ್ದರೆ? ಈಗ ಆಕೆಯ ಮನೆಯತ್ತ ಹೊರಟಿದ್ದರೆ?

"ನಿನ್ನ ಕೀ ಎಲ್ಲಿದೆ?"

"ನನ್ನ ಕೈಯಲ್ಲೇ ಇದೆ. ಬಿಡೋದಿಲ್ಲ."

"ಡಾಕ್ಟರ್‌ಗೆ ಫೋನ್ ಮಾಡು. ನಾನು ಬಂದೆ."

ಆಫೀಸಿಗೆ ರಜೆ ಹೇಳಿ, ಮೀಸಲಿಗೆ ಇಟ್ಟಿದ್ದ ಹೊಸ ಸಾಧನವನ್ನು ಬ್ಯಾಗಿಗೆ ಹಾಕಿಕೊಂಡು ಎದುರುಗಾಳಿಯಲ್ಲಿ ಪೆಡಲ್ ತುಳಿದೆ. ನಾನು ಮುಟ್ಟುವಾಗ ಪಶುವೈದ್ಯೆ ಯಾವುದೋ ಹಸುವಿನ ಹೆರಿಗೆ ಮುಗಿಸಿ ಹಾಗೇ ಬಂದಿದ್ದಳು. ಖಜಾಂಚಿ ಸಾಧನವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ನನ್ನ ಕಾಲದಲ್ಲೇ ಹೀಗಾಯ್ತಲ್ಲ" ಎಂದು ಅದನ್ನೇ ಅದನ್ನೇ ಹೇಳುತ್ತಿದ್ದಳು.

ತಾಲೀಮಿನಲ್ಲಿ ಮಾಡಿದ್ದನ್ನೇ ಮಾಡಿದೆವು. ಹೊಸ ಸಾಧನದಲ್ಲಿ ಹೊಸ ಕೀ, ಹೊಸ ತಗಡು. ಇವರಿಬ್ಬರ ಕೀ ಜೊತೆಗೆ ಅದನ್ನು ಸೇರಿಸಿ ಹೊಸ ವಾಲೆಟ್. ಆ ವಾಲೆಟ್ಟಿನ ವಿಳಾಸವನ್ನು ಮೂರೂ ಪರದೆಗಳಲ್ಲಿ ಅಕ್ಷರ ಬಿಡದೆ ಹೋಲಿಸಿ ನೋಡಿದೆವು. ಕಂಪ್ಯೂಟರ್ ಹೇಳಿತು ಎಂದು ನಂಬುವ ಹಾಗಿಲ್ಲ, ಸಾಧನದ ಪರದೆಯೇ ಪ್ರಮಾಣ. ಖಜಾಂಚಿ ಸಹಿ ಒತ್ತಿದಳು. ಪಶುವೈದ್ಯೆ ಒತ್ತಿದಳು. ಬಿಟ್‌ಕಾಯಿನ್ ಹೊರಟಿತು. ಅದು ಹೊಸ ಜಾಗದಲ್ಲಿ ಗಟ್ಟಿಯಾಗಿ ಕೂತಿದೆ ಎಂದು ಜಾಲ ಖಚಿತಪಡಿಸುವ ತನಕ ಮೂವರೂ ಪರದೆಯ ಮುಂದಿನಿಂದ ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಆಮೇಲೆ ಖಜಾಂಚಿ ಅತ್ತಳು. ಜೋರಾಗಿ, ಮಕ್ಕಳ ಹಾಗೆ. ನಾನೂ ಅತ್ತೆ. ಕದ್ದವನಿಗೆ ರಾಮನಗರದಲ್ಲಿ ಕಲಿತ ಬೈಗುಳಗಳನ್ನೆಲ್ಲ ಕನ್ನಡದಲ್ಲೂ ದಖ್ನಿಯಲ್ಲೂ ಬೈದೆ.

ಮುಂದಿನ ವಾರ ಮಂಡಳಿಯ ಸಭೆ. ಭದ್ರತೆಯ ಬಗ್ಗೆ ತಾನೂ ಎರಡು ಮಾತಾಡಬೇಕೆಂದು ಬಾಸ್ ಸಮಯ ಕೇಳಿ ಪಡೆದಿದ್ದರು. ಕೋಟು ಹಾಕಿಕೊಂಡು ಬಂದಿದ್ದರು. ಎದ್ದು ನಿಂತು ಬ್ಯಾಗಿನಿಂದ ಒಂದು ಲಕೋಟೆ ತೆಗೆದರು. ಅದರೊಳಗಿಂದ ಕಾಣೆಯಾದ ಸಾಧನವನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ಬುಧವಾರ ಸಂಜೆ ನಾನು ಇಲ್ಲಿ ಕಾಫಿ ಕುಡಿಯಲು ಬಂದಿದ್ದೆ" ಎಂದರು ಡಚ್‌ನಲ್ಲಿ. "ಮೊಳೆಯಿಂದ ತೆಗೆದುಕೊಂಡು ಹೋದೆ. ಯಾರೂ ತಡೆಯಲಿಲ್ಲ. ಐಂಡ್‌ಹೋವನ್‌ನಲ್ಲಿ ನನ್ನ ಗೆಳೆಯರೊಬ್ಬರ ಲ್ಯಾಬ್ ಇದೆ. ಪಿನ್ ಇಲ್ಲದೆಯೇ ಅವರು ಚಿಪ್‌ನಿಂದ ಪದಗಳನ್ನು ಹೊರಗೆ ತೆಗೆದರು." ಇಪ್ಪತ್ತನಾಲ್ಕು ಪದಗಳಿದ್ದ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. "ಈ ಸಲಹೆ ಎಷ್ಟು ಅಪಾಯದ್ದು ಎಂದು ನಿಮಗೆ ತೋರಿಸಬೇಕಿತ್ತು."

ಖಜಾಂಚಿ ಅವರನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ನೀನಾ?" ಎಂದಳು ಕೊನೆಗೆ. "ಮರುದಿನ ಬೆಳಿಗ್ಗೇನೇ ಗೊತ್ತಾಯ್ತು ನಮಗೆ. ಮಧ್ಯಾಹ್ನದೊಳಗೆ ಎಲ್ಲ ಬೇರೆ ಕಡೆ ಸಾಗಿಸಿದೀವಿ. ಆ ಹಾಳೆ ಈಗ ಕಸ."

ಬಾಸ್ ನನ್ನ ಕಡೆ ನೋಡಿದರು. ನಾನು ಅವರ ವರದಿಯ ಪ್ರತಿ ತೆಗೆದೆ. ಒಂದು ಸಾಧನ, ಒಂದು ಪಿನ್ ಸಾಕು ಎಂದಿದ್ದ ಸಾಲನ್ನು ಗಟ್ಟಿಯಾಗಿ ಓದಿದೆ.

"ಸಾಗಿಸದೇ ಇದ್ದರೂ ಆ ಒಂದು ಕೀಯಿಂದ ನಿಮಗೆ ಏನೂ ಸಿಗುತ್ತಿರಲಿಲ್ಲ" ಎಂದೆ. "ಆದರೆ ನೀವು ಹೇಳಿದ ಹಾಗೆ ಮಾಡಿದ್ದರೆ, ಇವತ್ತು ನಿಮ್ಮ ಕೈಯಲ್ಲಿರುವ ಹಾಳೆಯೇ ಈ ಫಾರ್ಮಿನ ಕೊಟ್ಟಿಗೆಯ ಹಣವೆಲ್ಲ ಆಗಿರುತ್ತಿತ್ತು. ನಿಮ್ಮ ಸಾಧನವನ್ನು ಒಡೆಯಬಹುದು ಎಂದು ನೀವೇ ತೋರಿಸಿಕೊಟ್ಟಿದ್ದೀರಿ. ನನ್ನ ಕೆಲಸ ಸುಲಭವಾಯಿತು."

ಸಭೆ ಮುಂದುವರಿಯಿತು, ಮೇಕೆಗಳ ಗೊರಸಿನ ವಿಷಯಕ್ಕೆ ಹೋಯಿತು. ಬಾಸ್ ಹೊರಗೆ ಬಂದರು, ಹಿಂದೆಯೇ ನಾನು. ಸೈಕಲ್ ನಿಲ್ಲಿಸುವ ಜಾಗದಲ್ಲಿ ಅವರು ನನ್ನ ಕಡೆ ತಿರುಗಿದರು.

"ಆಯ್ತಮ್ಮ. ಒಪ್ಕೊಂಡೆ. ಆ ರಿಪೋರ್ಟ್‌ನ ನಮ್ ಲೆಟರ್‌ಹೆಡ್‌ಗೆ ಹಾಕ್ಬಿಡು. ಬೇರೆ ಕ್ಲೈಂಟ್ಸ್‌ಗೂ ಇದೇ ಕೊಡಣ. ಕಾಂಟ್ರ್ಯಾಕ್ಟ್ ವಿಷ್ಯ ತಲೆ ಕೆಡಿಸ್ಕೋಬೇಡ."

"ಹಾಕ್ತೀನಿ ಸರ್. ಅದಕ್ಕೆ ಮುಂಚೆ ಒಂದು ಕೆಲ್ಸ ಇದೆ."

"ಏನು?"

"ಆ ಬೆಳಿಗ್ಗೆ ಆ ಹೆಂಗಸಿನ ಮುಖ ನೀವು ನೋಡಿಲ್ಲ. ನಾನು ನೋಡಿದೀನಿ. ಒಳಗ್ ಹೋಗಿ, ಕದ್ದಿದ್ದು ತಪ್ಪಾಯ್ತು ಅಂತ ಕೇಳ್ಕೊಂಡು ಬನ್ನಿ."

"ಅದು ಟೆಸ್ಟ್ ಕಣಮ್ಮ, ಕದಿಯೋದಲ್ಲ."

"ಹೇಳದೆ ಎತ್ಕೊಂಡ್ ಹೋದ್ರೆ ನಮ್ಮೂರಲ್ಲಿ ಕಳ್ಳತನ ಅಂತಾರೆ. ಹೋಗಿ ಸರ್. ಇಲ್ಲೇ ನಿಂತಿರ್ತೀನಿ."

ಅವರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಕೋಟಿನ ಗುಂಡಿ ಹಾಕಿಕೊಂಡು ಒಳಗೆ ಹೋದರು.